ಎರಡನೇ ಕೀಲಿ ಕೇಳುವ ವಿನ್ಸೆಂಟ್ ಸಾರ್

ಕಾರು ಕಳುವಾದರೆ ಇನ್ಶೂರೆನ್ಸಿನವರು ದುಡ್ಡಿಗಿಂತ ಮೊದಲು ವಿನ್ಸೆಂಟ್ ಸಾರ್ ಅವರನ್ನು ಕಳಿಸುತ್ತಾರೆ. ಕಾಸರಗೋಡಿನವರು, ಕನ್ನಡ ಬರುತ್ತದೆ, ನಂಬಿಕೆ ಬರುವುದಿಲ್ಲ. ೨೦೦೪ರಲ್ಲಿ ನಮ್ಮ ಯಜಮಾನರು ತೀರಿಕೊಂಡ ಹದಿನೈದನೇ ದಿನ ಕಳಮಶ್ಶೇರಿಯ ಮನೆ ಮುಂದಿನಿಂದ ಕಾರು ಹೋಯಿತು. ಸಾರ್ ಒಂಬತ್ತು ಸಲ ಬಂದರು. ಬಂದಾಗಲೆಲ್ಲ ಕಾರು ನಿಲ್ಲುತ್ತಿದ್ದ ಜಾಗವನ್ನು ಹೆಜ್ಜೆ ಹಾಕಿ ಅಳೆಯುವರು. ಅಕ್ಕ ಅನ್ನುವ ಬದಲು ನನ್ನನ್ನು ಚೇಚಿ ಅನ್ನುವರು. ಚಹಾ ಕೊಟ್ಟರೆ, "ಬೇಡ ಚೇಚಿ, ವಿನ್ಸೆಂಟ್ ಚಹಾಕ್ಕೆ ಬಿದ್ದ ಅಂತಾರೆ" ಎಂದು ತಮ್ಮ ಬಾಟಲಿಯ ನೀರು ಕುಡಿಯುವರು. ಪಕ್ಕದ ಮನೆ ನಾಯಿಯನ್ನೂ ಅವತ್ತು ಯಾಕೆ ಬೊಗಳಲಿಲ್ಲ ಅಂತ ಗದರಿಸಿ ಬಂದರು. ಕೊನೆಗೆ ಅದೇ ಪ್ರಶ್ನೆ. "ಎರಡನೇ ಕೀಲಿ ಎಲ್ಲುಂಟು ಚೇಚಿ? ಅದಿಲ್ಲದಿದ್ದರೆ ಆ ಕೀಲಿ ಕೊಟ್ಟು ನೀವೇ ಕಾರು ಮಾರಿದ್ದು ಅಂತ ಆಫೀಸಿನವರು ಬರೀತಾರೆ." ನಗುತ್ತಾರೆಂದು ನಾಚಿ ಏಳು ಸಲ ಗೊತ್ತಿಲ್ಲ ಅಂದೆ. ಎಂಟನೇ ಸಲ ಹೇಳಿಬಿಟ್ಟೆ. "ಯಜಮಾನರನ್ನು ಸ್ಮಶಾನಕ್ಕೆ ಎತ್ತುವ ಮೊದಲು ಅವರ ಪಂಚೆಯ ಸೊಂಟಕ್ಕೆ ಸಿಕ್ಕಿಸಿದೆ ಸಾರ್. ಕೀಲಿಯಿಲ್ಲದೆ ಹೊಸಲು ದಾಟಿದವರಲ್ಲ." ಸಾರ್ ನಗಲಿಲ್ಲ. ನಂಬಲೂ ಇಲ್ಲ. ನೇರ ಸ್ಮಶಾನಕ್ಕೆ ಹೋಗಿ, ಬೂದಿಯಲ್ಲಿ ಸಿಕ್ಕ ಕಬ್ಬಿಣ ಹಾಕಿಡುವ ಡಬ್ಬ ಸುರಿದುಕೊಂಡು ದಿನವಿಡೀ ಹುಡುಕಿದರಂತೆ. ಒಂಬತ್ತನೇ ಸಲ ಬಂದಾಗ ಕರಕಲಾದ ಕೀಲಿಯೊಂದನ್ನು ತಂದು ನನ್ನ ಬಳಿಯಿದ್ದ ಕೀಲಿಗೆ ಒತ್ತಿ ನೋಡಿದರು. ಹಲ್ಲಿಗೆ ಹಲ್ಲು ಕೂತಿತು. "ಇನ್ನು ಕ್ಲೇಮು ಪಾಸಾಗ್ತದೆ ಚೇಚಿ." ಸದ್ಯ, ನಾನು ಕಳ್ಳಿಯಲ್ಲ ಅಂತಾಯಿತು. ಎಷ್ಟೋ ತಿಂಗಳ ಮೇಲೆ ಉಸಿರು ಪೂರ್ತಿ ಬಿಟ್ಟೆ. "ಇದನ್ನು ಆಫೀಸಿಗೆ ಕೊಡಬೇಕು. ಅದಕ್ಕೆ ಮೊದಲು ಒಂದ್ಸಲ ಹಿಡ್ಕೊಳ್ಳಿ" ಎಂದು ಆ ಕರಿ ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟು ಸಾರ್ ಕಿಟಕಿಯ ಕಡೆ ತಿರುಗಿದರು. ಎಷ್ಟು ಹೊತ್ತಾದರೂ ವಾಪಸು ಕೇಳಲಿಲ್ಲ.