ಅರ್ಧ ಬಳಪದ ಮೇಷ್ಟ್ರು

ನಂಜುಂಡಯ್ಯ ಮೇಷ್ಟ್ರು ಯಾವ ಮಗುವಿಗೂ ಇಡೀ ಬಳಪ ಕೊಟ್ಟವರಲ್ಲ. ಜುಬ್ಬದ ಜೇಬಿನಿಂದ ಹೊಸ ಬಳಪ ತೆಗೆದು, ನಮ್ಮ ಕಣ್ಣೆದುರಿಗೇ ಟಕ್ಕನೆ ಮುರಿದು, ಎರಡು ತುಂಡನ್ನೂ ಅಂಗೈಗೆ ಹಾಕುತ್ತಿದ್ದರು.

"ಇದು ನಿಂದು. ಇದು ನಿಮ್ಮನೇಲಿ ಓದಕ್ಕೆ ಬರ್ದೇ ಇರೋರ್ದು. ಕಳೆದ್ರೆ ನಿಂದು ಕಳ್ಕೋ, ಅವ್ರದ್ದು ಜೋಪಾನ!"

ಐವತ್ತರ ದಶಕದ ಮಾತು. ಕೋಲಾರದ ಚಿನ್ನದ ಗಣಿಯ ಊರಿಗಾಂನಲ್ಲಿ, ಲೈನು ಎಂದು ಕರೆಯುವ ಕಾರ್ಮಿಕರ ಸಾಲುಮನೆಗಳ ಪಕ್ಕದಲ್ಲಿ ನಮ್ಮ ಶಾಲೆ. ಮೇಷ್ಟ್ರು ದಿನಾ ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿ ಬರುತ್ತಿದ್ದರು. ಸ್ಟೇಷನ್ನಿನಿಂದ ಶಾಲೆಯವರೆಗೆ ಒಂದು ಲೈನಿನಲ್ಲಿ ತಮಿಳು, ಇನ್ನೊಂದರಲ್ಲಿ ತೆಲುಗು, ಮೂರನೆಯದರಲ್ಲಿ ಕನ್ನಡ ಮಾತಾಡುತ್ತಾ, ಮೂರರಲ್ಲೂ ಜನರನ್ನು ಬೈಯುತ್ತಾ ಬರುತ್ತಿದ್ದರು. ಬೈಸಿಕೊಂಡವರೇ ಕರೆದು ಕಾಫಿ ಕೊಡುತ್ತಿದ್ದರು. ಅಂಥ ಬೈಗುಳ ಬೈಯುವುದಕ್ಕೂ ಒಂದು ಯೋಗ್ಯತೆ ಬೇಕು.

ಅವರ ಪಾಠವೆಲ್ಲ ತಿರುವುಮುರುವು. ಸ್ಲೇಟಿನ ಒಂದು ಮುಖ ನಮ್ಮದು, ಇನ್ನೊಂದು ಮುಖ ಮನೆಯ ದೊಡ್ಡವರದು. ಸಂಜೆ ನಾವು ಅವರಿಗೆ ಮೇಷ್ಟ್ರಾಗಬೇಕು. ಬೆಳಿಗ್ಗೆ ನಾವು ಸ್ಲೇಟು ಚಾಚಿದರೆ, "ನಿಂದು ಆಮೇಲೆ ನೋಡಾಣ, ಮೊದ್ಲು ನಿನ್ ಶಿಷ್ಯನ್ದು ತೋರ್ಸು" ಎಂದು ತಿರುಗಿಸಿ ನೋಡುತ್ತಿದ್ದರು. ಶಿಷ್ಯ ತಪ್ಪು ಬರೆದರೆ ಬೈಗುಳ ನಮಗೆ. ಇನ್ನೊಂದು ಕಟ್ಟಪ್ಪಣೆಯೂ ಇತ್ತು. ದೊಡ್ಡವರು ಓದುವಾಗ ತಡವರಿಸಿದರೆ ನಾವು ಬಾಯಿ ಹಾಕಕೂಡದು. "ನೀನು ತಡವರಿಸ್ದಾಗ ನಾನು ಕಾಯ್ಲಿಲ್ವಾ? ಅಂಗೇ ಕಾಯಿ" ಎನ್ನುತ್ತಿದ್ದರು.

ನನ್ನ ಪಾಡು ಬೇರೆಯೇ ಇತ್ತು. ಆಗ ನಾನು ನಾಲ್ಕನೇ ಕ್ಲಾಸು. ಅಮ್ಮ ಬಾಣಂತನಕ್ಕೆಂದು ಕಾಮಸಮುದ್ರದ ಹತ್ತಿರದ ತವರಿಗೆ ಹೋಗಿದ್ದಳು. ಲೈನು ಮನೆಯಲ್ಲಿ ನಾನು, ಅಪ್ಪ ಇಬ್ಬರೇ. ಅಪ್ಪ ಮುನಿವೆಂಕಟಪ್ಪ ಗಣಿಯೊಳಗೆ ಬಂಡೆ ಕೊರೆಯುವವನು. ಅರ್ಧ ಬಳಪ ಮುಂದೆ ಹಿಡಿದರೆ ಮುಖ ಆ ಕಡೆ ತಿರುಗಿಸಿಬಿಡುತ್ತಿದ್ದ.

"ಮಗಳ ಮುಂದೆ ಕುಂತು ಅ ಆ ತಿದ್ದಾದಾ? ಓಗು ಓಗು. ಪರೀಕ್ಸೆ ಮುಗೀಲಿ, ನೀನೂ ಊರಿಗೋಗಿ ಮಗೀನ ನೋಡ್ಕೊಂಡಿರು. ಓದಿದ್ದು ಸಾಕು."

ಹೀಗೆಂದವನ ಕೈಯಲ್ಲಿ ಏನು ಬರೆಸುವುದು? ಸ್ಲೇಟಿನ ನನ್ನ ಮುಖವನ್ನು ಬಲಗೈಯಲ್ಲಿ, ಅಪ್ಪನ ಮುಖವನ್ನು ಎಡಗೈಯಲ್ಲಿ ನಾನೇ ಬರೆಯತೊಡಗಿದೆ. ಎಡಗೈ ಅಕ್ಷರಗಳು ಸೊಟ್ಟಗೆ ಬೀಳುತ್ತಿದ್ದವು. ದೊಡ್ಡವರ ಅಕ್ಷರ ಹಾಗೇ ತಾನೇ ಇರುವುದು ಎಂದು ನನ್ನ ಬುದ್ಧಿವಂತಿಕೆಗೆ ನಾನೇ ಬೀಗಿದ್ದೆ. ಹದಿನೈದು ದಿನ ಮೇಷ್ಟ್ರು ಏನೂ ಅನ್ನಲಿಲ್ಲ. ಒಂದು ದಿನ ಸ್ಲೇಟು ಬಿಟ್ಟು ಅಪ್ಪನ ಬಳಪ ಕೇಳಿದರು. ಕೊಟ್ಟೆ.

"ಇದೇನಮ್ಮ ರತ್ನಾ, ಕೊಟ್ಟಂಗೇ ಐತೆ! ನಿಮ್ಮಪ್ಪ ಬರೆದಿದ್ರೆ ಇಷ್ಟೊತ್ತಿಗೆ ಪುಡಿಪುಡಿ ಆಗಿರ್ತಿತ್ತು. ಬಂಡೆ ಕೊರೆಯೋ ಕೈ ಅದು, ಸ್ಲೇಟನ್ನ ಸುಮ್ನೆ ಬಿಡ್ತದಾ?"

ನನಗೆ ಅಳು ಒತ್ತರಿಸಿ ಬಂತು. ಊರಿಗೆ ಕಳಿಸುವುದು, ಮಗು, ಪರೀಕ್ಷೆ, ಎಲ್ಲ ಬಾಯಿಬಿಟ್ಟೆ. ಅವತ್ತು ಮಾತ್ರ ಅವರು ಬೈಯಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಅಪ್ಪ ಮುದ್ದೆ ಉಣ್ಣುತ್ತಿದ್ದಾಗ ಮೇಷ್ಟ್ರು ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದರು. ಅಪ್ಪ ಗಡಬಡಿಸಿ ಎದ್ದ. ನನ್ನ ಬಗ್ಗೆ ದೂರೇ ಇರಬೇಕೆಂದು ಅವನೆಣಿಕೆ. ಮೇಷ್ಟ್ರು ಅದರ ಸುದ್ದಿಯನ್ನೇ ಎತ್ತಲಿಲ್ಲ.

"ಮುನಿವೆಂಕಟಪ್ಪ, ನಾನು ಕಲಿಯಕ್ಕೆ ಬಂದಿದೀನಪ್ಪ. ತಲೆ ಮೇಲಿನ ಬಂಡೆ ಗಟ್ಟಿ ಐತೋ ಬೀಳ್ತದೋ, ನಿಮ್ಗೆ ಎಂಗೆ ಗೊತ್ತಾಗ್ತದೆ?"

ಅಪ್ಪ ಅವರನ್ನು ಮೇಲಿಂದ ಕೆಳಗೆ ನೋಡಿದ. ಅವನನ್ನು ಆವರೆಗೆ ಯಾರೂ ಏನನ್ನೂ ಕಲಿಸು ಎಂದು ಕೇಳಿರಲಿಲ್ಲವೆಂದು ಕಾಣುತ್ತದೆ.

"ತಟ್ಟಿ ನೋಡಾದು ಸ್ವಾಮಿ. ಸದ್ದು ಯೋಳ್ತದೆ. ಬಾಯಲ್ಲಿ ಯೋಳಿದ್ರೆ ಬರಾಕಿಲ್ಲ ಅದು. ನಿಮ್ ಇಸ್ಕೂಲ್ ಗೋಡೆ ಐತಲ್ಲ, ಅಲ್ಲಿಗೇ ಬತ್ತೀನಿ."

ಶನಿವಾರ ಅಪ್ಪ ಹಾರೆ ಹಿಡಿದು ಶಾಲೆಗೆ ಬಂದ. ನಮ್ಮನ್ನೆಲ್ಲ ಕಣ್ಣು ಮುಚ್ಚಿಸಿ ಗೋಡೆ ತಟ್ಟುತ್ತಾ ಹೋದ. ಠಣ್ ಎಂದರೆ ಗಟ್ಟಿ, ಡಬ್ ಎಂದರೆ ಪೊಳ್ಳು. ಎಲ್ಲರಿಗಿಂತ ಹೆಚ್ಚು ತಪ್ಪು ಹೇಳಿದವರು ಮೇಷ್ಟ್ರೇ. "ಏನ್ ಸ್ವಾಮಿ ನೀವು! ಕಿವಿ ಕೊಟ್ಟು ಕೇಳ್ರಿ!" ಎಂದು ಅಪ್ಪ ಗದರಿಸಿದಾಗ ನಮಗೆಲ್ಲ ಹಬ್ಬ. ಕೊನೆಗೆ ಮೇಷ್ಟ್ರ ಕುರ್ಚಿಯ ಹಿಂದೆ ತಟ್ಟಿದವನೇ ನಿಂತ. "ಕುರ್ಚಿ ತಗೀರಿ ಸ್ವಾಮಿ, ಇದು ಪೊಳ್ಳು" ಎಂದ. "ಇಪ್ಪತ್ತು ವರ್ಷದಿಂದ ಅಲ್ಲೇ ಕುಂತಿದೀನಿ, ಏನಾಗಲ್ಲ" ಎಂದರು ಮೇಷ್ಟ್ರು. ಅಪ್ಪ ಕುರ್ಚಿ ಎಳೆದು ಹಾರೆಯಲ್ಲಿ ಇನ್ನೊಂದು ಸಲ ಮುಟ್ಟಿದ. ಮೊರದಗಲದ ಗಾರೆ ಧೊಪ್ಪೆಂದು ಕೆಳಗೆ ಬಿತ್ತು.

ಮೇಷ್ಟ್ರು ಧೂಳು ಕೊಡವಿಕೊಂಡು, ಜೇಬಿಗೆ ಕೈ ಹಾಕಿ, ಬಳಪ ತೆಗೆದು ಟಕ್ಕನೆ ಮುರಿದರು. "ನನ್ ಗುರು ಆದ್ಮೇಲೆ ಗುರುಕಾಣಿಕೆ ಬ್ಯಾಡ ಅನ್ಬಾರ್ದು." ಅಷ್ಟು ಮಕ್ಕಳ ಎದುರು ಅಪ್ಪ ಕೈ ಚಾಚದೆ ಏನು ಮಾಡಿಯಾನು?

ಅವತ್ತು ಸಂಜೆಯೇ ಆ ಬಳಪ ನಾಲ್ಕು ತುಂಡಾಯಿತು. ಅಪ್ಪ ಉಸಿರು ಬಿಗಿಹಿಡಿದು, ಹಲ್ಲು ಕಚ್ಚಿ, ಸ್ಲೇಟಿಗೆ ತೂತು ಬೀಳುವಂತೆ ಬರೆಯುತ್ತಿದ್ದ. ನಾನು ಮೇಷ್ಟ್ರ ಧಾಟಿಯಲ್ಲೇ ಬೈಯುತ್ತಿದ್ದೆ. ಅಪ್ಪನನ್ನು ಬೈಯುವ ಸುಖ ನನಗೆ ಸಿಕ್ಕಂತೆ ಆ ಲೈನಿನಲ್ಲಿ ಯಾವ ಮಗಳಿಗೂ ಸಿಕ್ಕಿರಲಾರದು. ಸುಗ್ಗಿಯ ಹೊತ್ತಿಗೆ ಕಾಗುಣಿತ ಮುಗಿದು, ಒತ್ತಕ್ಷರಕ್ಕೆ ಬಂದು ಅವನ ಬಂಡಿ ನಿಂತಿತು.

ಪರೀಕ್ಷೆ ಮುಗಿಯಿತು. ಮಾವ ನನ್ನನ್ನು ಕರೆದೊಯ್ಯಲು ಕಾಮಸಮುದ್ರದಿಂದ ಬಂದ. ನಾನು ಬಟ್ಟೆ ಗಂಟು ಕಟ್ಟಿ, ಅದರ ಮೇಲೇ ಕುಳಿತು ಅಳುತ್ತಿದ್ದೆ. ಅಪ್ಪ ಗಂಟನ್ನು ನೋಡಿದ, ಗೂಡಿನಲ್ಲಿದ್ದ ಸ್ಲೇಟನ್ನು ನೋಡಿದ, ತಲೆ ಕೆರೆದುಕೊಂಡ.

"ಇವ್ಳನ್ನ ಕಳಿಸ್ಬುಟ್ರೆ ನಂಗೆ ಒತ್ತಕ್ಸರ ಯೋಳ್ಕೊಡೋರು ಯಾರ್ಲಾ? ಮಗೀನ ಕರ್ಕೊಂಡು ನಿಮ್ಮಕ್ಕನೇ ಇಲ್ಲಿಗೆ ಬರ್ಲಿ, ಓಗು."

ಸುದ್ದಿ ಕೇಳಿ ಮೇಷ್ಟ್ರು "ಹೌದಾ?" ಎಂದು ಆಶ್ಚರ್ಯ ನಟಿಸಿದರು. ನಟನೆ ಅವರಿಗೆ ಚೂರೂ ಬರುತ್ತಿರಲಿಲ್ಲ. ನಾನು ಇವತ್ತು ನಾಲ್ಕಕ್ಷರ ಬಲ್ಲವಳಾಗಿದ್ದರೆ ಅದು ಆ ಕಿಲಾಡಿ ಮುದುಕ ಹಾಕಿದ ಭಿಕ್ಷೆ.

ಕೊನೆಯ ಸಲ ಅವರನ್ನು ನೋಡಿದ್ದು ಬಂಗಾರಪೇಟೆಯ ಅವರ ಮನೆಯಲ್ಲಿ. ಆಗ ನಾನು ಕೋಲಾರದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದೆ. ರಜೆಗೆ ಕರೆದೊಯ್ಯಲು ಬಂದ ಅಪ್ಪ, ಮಾರಿಕುಪ್ಪಂ ರೈಲಿಗೆ ಇನ್ನೂ ಹೊತ್ತಿದೆಯೆಂದು ನನ್ನನ್ನು ಅಲ್ಲಿಗೆ ಕರೆದೊಯ್ದಿದ್ದ. ಮೇಷ್ಟ್ರು ನಿವೃತ್ತರಾಗಿ, ಕಣ್ಣಿಗೆ ಪೊರೆ ಬಂದು, ಜಗಲಿಯ ಮೇಲೆ ಕುಳಿತಿದ್ದರು. ಪಕ್ಕದಲ್ಲಿ ಮಡಿಕೆ ಬಿಚ್ಚದ ಪತ್ರಿಕೆ. ಅಪ್ಪ ಕೇಳದೆಯೇ ಅದನ್ನು ಎತ್ತಿಕೊಂಡು, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದ. ಮೇಷ್ಟ್ರು ಕಣ್ಣು ಮುಚ್ಚಿ ಕಿವಿಗೊಟ್ಟರು. ಒಂದು ಒತ್ತಕ್ಷರದ ಹತ್ತಿರ ಅಪ್ಪ ತಡೆದು ನಿಂತ. ನಾನು ಬಾಯಿ ತೆರೆದೆ. ಮೇಷ್ಟ್ರು ಕಣ್ಣು ಬಿಡದೆಯೇ ಕೈ ಎತ್ತಿದರು.

"ನೀನು ಸುಮ್ನಿರಮ್ಮ. ಅವ್ರು ಓದ್ತಾರೆ."

ಅತ್ತ ಸ್ಟೇಷನ್ನಿನಲ್ಲಿ ನಮ್ಮ ರೈಲು ಕೂಗಿಕೊಂಡು ಹೊರಟೇ ಹೋಯಿತು. ಅಪ್ಪ ಓದಿದ.

ಮೇಷ್ಟ್ರು ತೀರಿಕೊಂಡರೆಂದು ಅವರ ಮಗ ಬರೆದ ಕಾರ್ಡು ಊರಿಗಾಂಗೆ ಬಂದ ದಿನ ನಾನು ಕೋಲಾರದಲ್ಲಿದ್ದೆ. ಲೈನಿನಲ್ಲಿ ಓದಿ ಹೇಳುವವರು ಬೇಕಾದಷ್ಟು ಜನರಿದ್ದರು. ಅಪ್ಪ ಯಾರ ಕೈಗೂ ಅದನ್ನು ಕೊಡಲಿಲ್ಲವಂತೆ. ಬಾಗಿಲಲ್ಲಿ ಕುಳಿತು, ಬೆರಳಿಟ್ಟು, ಕೊನೆಯವರೆಗೂ ತಾನೇ ಓದಿಕೊಂಡನಂತೆ.