ನಾಲ್ಕನೆಯ ಮೊಮ್ಮಗಳ ಬಲಗಿವಿ

ಕಲಿರೋಯಿಯನ್ನು ನಾನು ಮೊದಲು ಕಂಡಾಗ ಅವಳು ನಮ್ಮ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು ಸೊಪ್ಪು ಕುಯ್ಯುತ್ತಿದ್ದಳು. ಎಂಬತ್ತೆಂಟನೇ ಇಸವಿ, ಮೆಲ್ಬರ್ನಿನ ಪ್ರೆಸ್ಟನ್. ಮಗ ಗಿರೀಶನ ಮನೆಗೆ ಬಂದು ನನಗಿನ್ನೂ ವಾರ ತುಂಬಿರಲಿಲ್ಲ. ಅವಳ ಮೈತುಂಬ ಕಪ್ಪು ಬಟ್ಟೆ, ಕೈಯಲ್ಲಿ ಚಾಕು. ನಾವು ಕಳೆ ಅಂದುಕೊಂಡಿದ್ದನ್ನು ಬೇರಿನ ಮಣ್ಣು ಕೊಡವಿ ಚೀಲಕ್ಕೆ ತುಂಬುತ್ತಿದ್ದಳು.

"ಯಾರಮ್ಮಾ ನೀನು?" ಅಂದೆ, ಕನ್ನಡದಲ್ಲೇ.

ಅವಳು ಎದೆ ಮುಟ್ಟಿಕೊಂಡು, ಬಂದಷ್ಟು ಇಂಗ್ಲಿಷಿನಲ್ಲಿ, "ಕಲಿರೋಯಿ. ಸಮುದ್ರರಾಜನ ಮಗಳು. ನೀರಿಗೆ ಬೇಲಿ ಉಂಟಾ?" ಅಂದಳು.

ಸಂಜೆ ಆ ಸೊಪ್ಪು ಬೇಯಿಸಿ, ನಿಂಬೆಹುಳಿ ಹಿಂಡಿ ಒಂದು ತಟ್ಟೆ ತಂದಳು. ನಾನು ಅದಕ್ಕೊಂದು ಒಗ್ಗರಣೆ ಹಾಕಿದೆ. ಮೂಗು ಮುರಿದಳು, ಎರಡು ಸಲ ಬಡಿಸಿಕೊಂಡಳು.

ಪಕ್ಕದ ಮನೆಯ ಗ್ರೀಕರವಳು. ನನ್ನ ಹಾಗೇ ಗಂಡನನ್ನು ಕಳೆದುಕೊಂಡವಳು. ಕಾಲುಚೀಲದ ಕಾರ್ಖಾನೆಯಲ್ಲಿ ದುಡಿದು ನಾಲ್ಕು ಗಂಡುಮಕ್ಕಳನ್ನು ದಡ ಹತ್ತಿಸಿದ್ದಳು. ಅವಳದು ಕಾರ್ಖಾನೆಯ ಇಂಗ್ಲಿಷು, ನನ್ನದು ಟೀವಿಯ ಇಂಗ್ಲಿಷು, ಸಾಲದ್ದಕ್ಕೆ ಕೈಗಳಿದ್ದವು.

ಅವರ ಪುರಾಣದಲ್ಲಿ ಅವಳ ಹೆಸರಿನವರು ಒಬ್ಬರಲ್ಲ, ಹಲವರು. ಯಾರೂ ದೊಡ್ಡವರಲ್ಲ, ಕಥೆಯ ಮೂಲೆಯಲ್ಲಿ ಬಂದು ಹೋಗುವವರು. ಅಡುಗೆಗೆ ಬೇಸರವಾದ ದಿನ ಇವಳು ಸಮುದ್ರರಾಜನ ಮಗಳು. ಮಗ ಬರಿಗೈಯಲ್ಲಿ ಬಂದ ದಿನ, ಕಂಠೀಹಾರ ತಾ ಅಂತ ಅಟ್ಟಿ ಗಂಡನ ಪ್ರಾಣ ತೆಗೆಸಿದವಳು. ಚರ್ಚಿನ ಪಾದ್ರಿ ಬಾಗಿಲು ತಟ್ಟಿದರೆ, ಪೂಜಾರಿಯನ್ನು ಒಲ್ಲೆ ಅಂದ ಹುಡುಗಿ. ನಾನು ಬೇಲಿಯಾಚೆಯಿಂದ "ಇವತ್ತು ಯಾರು?" ಅಂತ ಕೇಳಿಕೊಂಡೇ ಮಾತಿಗಿಳಿಯುತ್ತಿದ್ದೆ.

ಅವರಲ್ಲಿ ಮಗನ ಮೊದಲ ಮಗಳಿಗೆ ಅವನ ತಾಯಿಯ ಹೆಸರು. ದೊಡ್ಡ ಮೂವರ ಮನೆಯಲ್ಲಿ ಆಗಲೇ ತಲಾ ಒಬ್ಬಳು ಕಲಿರೋಯಿ ಇದ್ದಳು. ತೊಂಬತ್ತೆರಡರಲ್ಲಿ ಕಿರಿಮಗನಿಗೆ ಹೆಣ್ಣಾಯಿತು. ಅವನ ಹೆಂಡತಿ ವೂಲಾ ಅಡ್ಡ ನಿಂತಳು.

"ಅತ್ತೇ, ಹಬ್ಬದ ದಿನ ಕಲಿರೋಯಿ ಅಂತ ಕೂಗಿದರೆ ನಿಮ್ಮದೂ ಸೇರಿ ನಾಲ್ಕು ತಲೆ ಏಳುತ್ತವೆ. ಐದನೆಯದು ಬೇಡ. ನಮ್ಮಮ್ಮನ ಹೆಸರಿಡುತ್ತೇವೆ, ಎಲೆನಿ."

"ಎಲೆನಿ!" ಕಲಿರೋಯಿ ನನ್ನ ಕಡೆ ತಿರುಗಿದಳು. "ಟ್ರಾಯ್ ಅನ್ನೋ ಊರಿಗೆ ಯಾರ ಹೆಸರು ಗೊತ್ತಾ? ನಮ್ಮೊಬ್ಬ ಕಲಿರೋಯಿಯ ಗಂಡನದು. ಚೆನ್ನಾಗೇ ಇತ್ತು ಊರು. ಎಲೆನಿ, ನೀವೆಲ್ಲ ಹೆಲೆನ್ ಅಂತೀರಲ್ಲ, ಅವಳು ಬಂದಳು ನೋಡು, ಸುಟ್ಟು ಬೂದಿ!"

ವೂಲಾ ನಕ್ಕಳೇ ಹೊರತು ಬಗ್ಗಲಿಲ್ಲ.

ಅವಳು ಹೋದ ಮೇಲೆ ಕಲಿರೋಯಿ ಕಾಫಿ ಮುಟ್ಟಲಿಲ್ಲ. "ಕಿರಿಯವನ ಮನೆಯಲ್ಲಿ ನನ್ನ ಹೆಸರಿಲ್ಲ ಅಂದರೆ ನಾನು ಅವನನ್ನು ಹೆತ್ತೇ ಇಲ್ಲ ಅಂದ ಹಾಗೆ," ಅಂದಳು. ಆ ದಿನ ಅವಳು ಪುರಾಣದ ಯಾವ ಕಲಿರೋಯಿಯೂ ಆಗಿರಲಿಲ್ಲ.

ನಾನು ಹೇಳಿದೆ: "ನಮ್ಮಲ್ಲಿ ನಾಮಕರಣದ ದಿನ ಕೂಸಿನ ಕಿವಿಯಲ್ಲಿ ಹೆಸರು ಹೇಳುತ್ತೇವೆ. ಕಿವಿಗೊಂದು, ಕೂಗೋಕೆ ಇನ್ನೊಂದು ಇದ್ದರೂ ನಡೆಯುತ್ತೆ. ನನ್ನ ಮಗಳಿಗೆ ನಮ್ಮತ್ತೆ ಹೆಸರು. ಅತ್ತೆ ಹೆಸರನ್ನ ಸೊಸೆ ಬಾಯಲ್ಲಿ ಆಡಬಾರದಲ್ಲ? ಅದಕ್ಕೇ ಪುಟ್ಟಿ ಅಂತ ಕರೆದೇ ಬೆಳೆಸಿದೆ."

ಅವಳು ಲೋಟ ಎತ್ತಿಕೊಂಡಳು. "ಯಾವ ಕಿವಿ?"

"ಬಲಗಿವಿ."

"ಎಷ್ಟು ಸಲ?"

"ಮೂರು."

"ಕೂಸು ಮರೆತರೆ?"

"ಹೇಳಿದವಳು ಮರೀದಿದ್ರೆ ಸಾಕು."

ಚರ್ಚಿನಲ್ಲಿ ಕೂಸಿಗೆ ಮೈತುಂಬ ಎಣ್ಣೆ ಹಚ್ಚಿ ನೀರಲ್ಲಿ ಅದ್ದಿ ತೆಗೆದರು. ಎಲೆನಿ ಅಂತ ಹೆಸರಾಯಿತು. ಆ ಕಡೆಯ ಅಜ್ಜಿ ಮುಖ ಅರಳಿಸಿಕೊಂಡು ಸಿಕ್ಕಿದವರ ಕೈಯನ್ನೆಲ್ಲ ಕುಲುಕಿದಳು. ಕಲಿರೋಯಿ ಎಣ್ಣೆಮೈಯ ಕೂಸನ್ನು ಎತ್ತಿಕೊಂಡು ಬಲಗೆನ್ನೆಗೆ ಮುತ್ತಿಟ್ಟಳು. ಆ ಮುತ್ತು ಬಹಳ ಹೊತ್ತು ಮುಗಿಯಲೇ ಇಲ್ಲ.

"ನಮ್ಮತ್ತೆ ಒಪ್ಪಿಬಿಟ್ಟರು, ಪಾಪ," ಅಂತ ವೂಲಾ ನನ್ನ ಪಕ್ಕ ಕಣ್ಣೊರೆಸಿಕೊಂಡಳು. ನಾನು ಸೆರಗನ್ನು ಬಾಯಿಗೆ ಒತ್ತಿ ಹಿಡಿದು ನಿಂತೆ. ಅಳುತ್ತಿದ್ದೇನೆ ಅಂದುಕೊಂಡು ಅವಳು ನನ್ನ ಬೆನ್ನು ಸವರಿದಳು.

ಆಮೇಲೆ ವೂಲಾ "ಎಲೆನಿ" ಅಂತ ಕೂಗಿ ಮಗು ತಿರುಗದೇ ಇದ್ದಾಗಲೆಲ್ಲ ಕಲಿರೋಯಿ ನನಗೆ ಕಣ್ಣು ಹೊಡೆಯುತ್ತಿದ್ದಳು.

ತೊಂಬತ್ತಾರರಲ್ಲಿ ಗಿರೀಶನಿಗೆ ಸಿಡ್ನಿಯಲ್ಲಿ ಕೆಲಸವಾಗಿ ಅಲ್ಲೇ ಗಿರಾವೀನ್‌ನಲ್ಲಿ ಮನೆ ಹಿಡಿದ. ಸೊಸೆ ಆರತಿಗೆ ಆಗ ಐದು ತಿಂಗಳು. ಹೊರಡುವ ಬೆಳಿಗ್ಗೆ ಕಲಿರೋಯಿ ಸೊಪ್ಪಿನ ಬೀಜದ ಪೊಟ್ಟಣ ಹಿಡಿದು ಕಾರಿನ ಹತ್ತಿರ ಬಂದಳು.

"ಇವತ್ತು ಯಾರು?" ಅಂದೆ.

"ಬರೀ ನಾನು," ಅಂದಳು. ಆರತಿಯ ಹೊಟ್ಟೆಯನ್ನೊಮ್ಮೆ ನೋಡಿ, ನನ್ನ ಬಲಗಿವಿಯ ಹತ್ತಿರ ಬಾಯಿ ತಂದಳು.

"ಕೂಸಿನ ಪೇಪರಿನಲ್ಲಿ ನಿನ್ನ ಹೆಸರೇ ಇರಲಿ, ಭಾಗೀರಥಿ. ಆದರೆ ಸಿಡ್ನಿಯಲ್ಲಿ ನಮ್ಮ ಮನೆಯ ಕಲಿರೋಯಿ ಒಬ್ಬಳೂ ಇಲ್ಲ. ಹೆಣ್ಣಾದರೆ, ಮೂರು ಸಲ, ಯಾರಿಗೂ ಗೊತ್ತಾಗದ ಹಾಗೆ, ಹೇಳ್ತೀಯಾ?"