ವುಡ್‌ಬ್ರಿಡ್ಜ್ ಸಂಧಾನ

ಗಾಜಾದಲ್ಲಿ ಹುಟ್ಟಿದವನೊಬ್ಬ, ಇಸ್ರೇಲಿನ ಹೈಫಾದಲ್ಲಿ ಹುಟ್ಟಿದವನೊಬ್ಬ, ಇಬ್ಬರ ಕೋಣೆಗಳ ನಡುವಿನ ಕೋಣೆಯಲ್ಲಿ ಮೈಸೂರಿನ ನಾನು. ಮ್ಯಾನ್‌ಹಟನ್‌ನ ಉತ್ತರ ತುದಿಯಲ್ಲಿ, ಲಿಫ್ಟ್ ಇಲ್ಲದ ಕಟ್ಟಡದ ಮೇಲ್ಮಹಡಿಯಲ್ಲಿ ನಮ್ಮ ಸಂಸಾರ. ನಮ್ಮನ್ನು ಒಂದುಗೂಡಿಸಿದ್ದು ವಿಶ್ವಶಾಂತಿಯಲ್ಲ, ಈ ಊರಿನ ಬಾಡಿಗೆ. ಕೇಳಿದವರೆಲ್ಲ ಮೊದಲು ನಗುತ್ತಾರೆ, ಆಮೇಲೆ ದನಿ ತಗ್ಗಿಸಿ, "ಮನೇಲಿ ಟೆನ್ಷನ್ ಇರಲ್ವಾ?" ಅನ್ನುತ್ತಾರೆ. ಇತ್ತು. ಪಾತ್ರೆ ತೊಳೆಯುವ ವಿಷಯದಲ್ಲಿ ಭಾರೀ ಟೆನ್ಷನ್ ಇತ್ತು, ಅದರ ಮೂಲ ಕಾರಣ ಯಾವಾಗಲೂ ನಾನೇ.

ನನಗಿರುವ ಏಕೈಕ ವಿದ್ಯೆ ಅಣಕು. ಓದಿದ ಎಂಜಿನಿಯರಿಂಗು ಕಂಪನಿಗಾಯಿತು, ಅಣಕು ಮನೆಗಾಯಿತು. ಸಿಂಕ್ ತುಂಬಿ ಇಬ್ಬರೂ ನನ್ನನ್ನು ಗುರಾಯಿಸಿದಾಗ ಅಮೆರಿಕದ ಸರ್ಕಾರಿ ವಕ್ತಾರನಾಗಿಬಿಡುತ್ತಿದ್ದೆ. ಸೌಟನ್ನು ಮೈಕಿನಂತೆ ಹಿಡಿದು, ಇಲ್ಲದ ಟೈ ಸರಿಪಡಿಸಿಕೊಂಡು, "ಈ ಬೆಳವಣಿಗೆಯಿಂದ ನಾವು ತೀವ್ರ ಕಳವಳಗೊಂಡಿದ್ದೇವೆ. ಸಂಯಮ ತೋರುವಂತೆ ಎರಡೂ ಕಡೆಯವರನ್ನು ಕೋರುತ್ತೇವೆ" ಎಂದು ಹೇಳಿ, ಒಂದು ಲೋಟವನ್ನೂ ಮುಟ್ಟದೆ ಹೊರಟುಹೋಗುವುದು. ಬಾತ್‌ರೂಮಿನ ಮುಚ್ಚಿದ ಬಾಗಿಲ ಮುಂದೆ, ಯಾವಾಗ ಖಾಲಿಯಾಗುತ್ತದೆಂದು ಯಾರಾದರೂ ಕೇಳಿದರೆ ಮಧ್ಯಸ್ಥಿಕೆಯ ರಾಜತಾಂತ್ರಿಕ: "ಮಾತುಕತೆ ಸೂಕ್ಷ್ಮ ಘಟ್ಟದಲ್ಲಿದೆ." ಇಬ್ಬರೂ ಮಾತಿನ ಒಂದೇ ಜಾಗದಲ್ಲಿ ನಗುತ್ತಿದ್ದರು. ಅದು ನನಗೆ ಹೆಮ್ಮೆಯ ಸಂಗತಿಯಾಗಿತ್ತು.

ಒಂದು ದಿನ ಗಾಜಾದವನು, ತಿಂಗಳ ಕೊನೆಗೆ ಮನೆ ಬಿಡುತ್ತೇನೆ ಎಂದ. ಕಾರಣ ಹೇಳಲಿಲ್ಲ. ಹೈಫಾದವನು ಕಾರಣ ಕೇಳಲಿಲ್ಲ, ಅವತ್ತಿನಿಂದ ಎಲ್ಲರ ಪಾತ್ರೆಯನ್ನೂ ತಾನೇ ತೊಳೆಯತೊಡಗಿದ. ಈ ಮೌನವನ್ನು ನನ್ನಿಂದ ತಡೆಯಲಾಗಲಿಲ್ಲ. ವುಡ್‌ಬ್ರಿಡ್ಜ್‌ನಲ್ಲಿರುವ ಚಿಕ್ಕಮ್ಮನಿಗೆ ಫೋನ್ ಮಾಡಿದೆ.

ಚಿಕ್ಕಮ್ಮ ನ್ಯೂಜೆರ್ಸಿಯ ಅರ್ಧ ಕನ್ನಡಿಗರ ಮದುವೆ ಮಾತುಕತೆಗಳನ್ನು ದಡ ಮುಟ್ಟಿಸಿದವರು. "ಇಬ್ರನ್ನೂ ಶನಿವಾರ ಊಟಕ್ಕೆ ಕರ್ಕೊಂಡ್ ಬಾ" ಅಂದರು. "ಎದುರುಬದುರು ಕೂರಿಸ್ಬಾರ್ದು ಕಣೋ. ಹೆಣ್ಣಿನ ಕಡೆಯೋರು ಮೇಲೆ, ಗಂಡಿನ ಕಡೆಯೋರು ಬೇಸ್‌ಮೆಂಟಲ್ಲಿ. ಮಧ್ಯೆ ಕಾಫಿ ಓಡಾಡ್ಬೇಕು, ಕಾಫಿ ಜೊತೆ ಮಾತು ಓಡಾಡ್ಬೇಕು. ಎಲ್ಲ ಒಪ್ಪಿದ್ಮೇಲೇ ಒಂದೇ ಪಂಕ್ತಿ."

ಸ್ಪೀಕರಿನಲ್ಲಿ ಚಿಕ್ಕಪ್ಪನ ದನಿ ಬಂತು. "ಅಮೆರಿಕ ಹೇಳಿದ್ರೇ ಕೇಳ್ತಿಲ್ಲ, ಇವಳು ಹೇಳಿದ್ರೆ ಕೇಳ್ತಾರಂತಾ?"

"ಅಮೆರಿಕ ಎಣ್ಣೆಗಾಯಿ ಮಾಡತ್ತೇನ್ರೀ?"

ಸ್ಪೀಕರಿನಲ್ಲಿ ಟೀವಿಯ ದನಿ ಜೋರಾಯಿತು.

ರೈಲಿನಲ್ಲಿ ಇಬ್ಬರೂ ಕಿಟಕಿಯಾಚೆ ನೋಡುತ್ತ ಕೂತಿದ್ದರು. ಒಬ್ಬನದು ಎಡಗಡೆ ಕಿಟಕಿ, ಇನ್ನೊಬ್ಬನದು ಬಲಗಡೆ. ವುಡ್‌ಬ್ರಿಡ್ಜ್ ತಲುಪಿದ ಕೂಡಲೇ ಚಿಕ್ಕಮ್ಮ ಗಾಜಾದವನನ್ನು ಅಡುಗೆಮನೆಗೆ ಕರೆದೊಯ್ದು ಸ್ಟೂಲಿನ ಮೇಲೆ ಕೂರಿಸಿದರು. ಹೈಫಾದವನನ್ನು ಚಿಕ್ಕಪ್ಪ ಬೇಸ್‌ಮೆಂಟಿಗೆ ಇಳಿಸಿದರು. ಅಲ್ಲಿ ದೊಡ್ಡ ಟೀವಿ, ಬಟ್ಟೆ ಒಣಹಾಕಲು ಬಳಸುವ ಟ್ರೆಡ್‌ಮಿಲ್ಲು, ಮತ್ತು ಕೇಳುಗರಿಗಾಗಿ ವರ್ಷಗಳಿಂದ ಕಾದಿರುವ ಚಿಕ್ಕಪ್ಪನ ಚರಿತ್ರೆ ಪಾಠ. ನಾನು ಮೊದಲ ಕಾಫಿ ಹಿಡಿದು ಇಳಿಯುವಷ್ಟರಲ್ಲಿ ಅವರು ಬ್ರಿಟಿಷರ ಬಳಿಗೆ ಬಂದಿದ್ದರು.

"ನಮ್ಮಲ್ಲೂ ಅಷ್ಟೇ ಕಣಪ್ಪಾ. ಜಗಳ ಹಚ್ಚಿಟ್ಟು ಹಡಗು ಹತ್ತಿದ್ರು."

"ನಮ್ಮಜ್ಜಿಯೂ ಅವರನ್ನೇ ಬೈಯುತ್ತಿದ್ದಳು ಅಂಕಲ್" ಎಂದ ಹೈಫಾದವನು. ಅವರಿಬ್ಬರದೂ ಇಂಗ್ಲಿಷೇ. ಅದನ್ನು ಹಾಗೇ ಬರೆದರೆ ಚಿಕ್ಕಮ್ಮ ಇದನ್ನು ಓದುವುದಿಲ್ಲ, ಆದ್ದರಿಂದ ಕನ್ನಡಕ್ಕೆ ತಂದಿದ್ದೇನೆ.

ಚಿಕ್ಕಮ್ಮ ಮೇಲಿಂದ ಕಳಿಸಿದ ಪ್ರಶ್ನೆಯನ್ನು ನಾನು ಅವನ ಮುಂದಿಟ್ಟೆ. ಅವನಿಗೆ ನೀನೇನಾದರೂ ಅಂದೆಯಾ?

ಅವನು ಭುಜ ಹಾರಿಸಿದ. "ನಾನು ಏನೂ ಅಂದಿಲ್ಲ. ಇಷ್ಟು ದಿನ ಏನೂ ಅನ್ನದೇ ಇದ್ದದ್ದೇ ತಪ್ಪೋ ಏನೋ."

ಅದನ್ನು ಅವನ ಭುಜದ ಸಮೇತ ಮೇಲೆ ಒಪ್ಪಿಸಿದೆ. ಗಾಜಾದವನು ನಗಲಿಲ್ಲ. ಚಿಕ್ಕಮ್ಮ ಮಾತ್ರ ಹುರುಪಿನಲ್ಲಿದ್ದರು. ಬದನೆಕಾಯಿಗೆ ಮಸಾಲೆ ತುಂಬುತ್ತ ಒಂದೊಂದೇ ಷರತ್ತು ಕಳಿಸಿದರು. ಬೆಳಕಿರುವ ಮೂಲೆಯ ಕೋಣೆ ಗಾಜಾದವನಿಗೆ. ಊಟದ ಹೊತ್ತಿಗೆ ಸುದ್ದಿ ಹಾಕಬಾರದು. ಫ್ರಿಜ್ಜಿನ ಮೇಲಿನ ಖಾನೆ ಇವನದು. ಹೈಫಾದವನು ಎಲ್ಲಕ್ಕೂ ಒಪ್ಪಿದ. "ಮೂಲೆಯ ಕೋಣೆ ನನ್ನದೇ. ಇವತ್ತೇ ಬಿಟ್ಟುಕೊಡುತ್ತೇನೆ" ಎಂದ.

ಮೆಟ್ಟಿಲು ಹತ್ತುವಾಗ ನನಗೆ ರೆಕ್ಕೆ ಬಂದಿತ್ತು. ಇಬ್ಬರಿಗೂ ಬೇಕಾದವನು ಜಗತ್ತಿನಲ್ಲಿ ನಾನೊಬ್ಬನೇ! ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ವಕ್ತಾರನಾದೆ. "ಮಾತುಕತೆಯಲ್ಲಿ ಗಣನೀಯ ಪ್ರಗತಿಯಾಗಿದೆ."

ಗಾಜಾದವನು ಲೋಟ ಕೆಳಗಿಟ್ಟ. "ಆ ದನಿ ಸಾಕು."

ಅವನು ಸಿಟ್ಟಿನಿಂದ ಹೇಳಲಿಲ್ಲ. "ಆ ದನಿಯವರೇ ಬಾಂಬು ಕಳಿಸುತ್ತಾರೆ, ಹಿಟ್ಟಿನ ಮೂಟೆ ಕಳಿಸುತ್ತಾರೆ, ಸಂಧಾನಕ್ಕೂ ಕೂರುತ್ತಾರೆ. ಇವತ್ತು ಯಾವುದು ಬರುತ್ತದೋ ಎಂದು ನನ್ನಕ್ಕ ಅಲ್ಲಿ ಕಾಯುತ್ತಾಳೆ."

"ಏನಂತೋ?" ಎಂದರು ಚಿಕ್ಕಮ್ಮ. ಅವನ ಇಂಗ್ಲಿಷ್ ವೇಗ ಅವರಿಗೆ ಎಟುಕಿರಲಿಲ್ಲ. ನಾನು ಕನ್ನಡದಲ್ಲಿ ಹೇಳಿದೆ, ಯಾರ ದನಿಯೂ ಇಲ್ಲದೆ. ಆಮೇಲೆ, ಯಾರೂ ಕೇಳದಿದ್ದರೂ, ಅವನಿಗೆ ಸಮಜಾಯಿಷಿ ಕೊಡತೊಡಗಿದೆ. ನನ್ನ ಕೈಯಲ್ಲೇನಿದೆ? ನಾನು ವೀಸಾದವನು, ವೋಟಿಲ್ಲ. ಸಂಬಳದಲ್ಲಿ ಟ್ಯಾಕ್ಸ್ ಮುರಿದುಕೊಳ್ಳುತ್ತಾರೆ, ಅದನ್ನು ಎಲ್ಲಿಗೆ ಕಳಿಸೋಣ ಎಂದು ನನ್ನನ್ನು ಕೇಳುವವರಿಲ್ಲ.

"ಆ ಬಾಂಬಿಗೆ ನಾನೂ ಕಟ್ಟುತ್ತೇನಲ್ಲ ಟ್ಯಾಕ್ಸ್" ಎಂದ ಅವನು. "ಇದರ ಮುಂದೆ ನಿನ್ನ ಜೋಕುಗಳು ಯಾವ ಲೆಕ್ಕ?"

ಒಲೆಯ ಮೇಲೆ ಎಣ್ಣೆ ಸಿಡಿಯುತ್ತಿತ್ತು. ಚಿಕ್ಕಮ್ಮ ಉರಿ ಸಣ್ಣ ಮಾಡಿ, ತಮ್ಮ ಇಂಗ್ಲಿಷಿನಲ್ಲಿ ತಾವೇ ಕೇಳಿದರು. ಯಾಕಪ್ಪ ಹೋಗ್ತೀಯ?

ಅವನು ಕಾರಣ ಹೇಳಿದ. ಅಕ್ಕ ಸಿಗ್ನಲ್ ಸಿಕ್ಕಾಗ ಫೋನ್ ಮಾಡುತ್ತಾಳೆ. ಲೈನು ಕಡಿಯುತ್ತದೆ, ಕೂಗಿ ಮಾತಾಡಬೇಕು. ನಮ್ಮ ಮನೆಯಲ್ಲಿ ಅವನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಮಾತಾಡುತ್ತಾನಂತೆ. ನಾನು ಬಾಗಿಲಾಚೆ ರಾಜತಾಂತ್ರಿಕನ ದನಿ ಮಾಡುತ್ತಿದ್ದ ಹೊತ್ತುಗಳಲ್ಲಿ ಎಷ್ಟೋ ಸಲ.

"ಅವನು ಒಳ್ಳೆಯವನು" ಎಂದ ಗಾಜಾದವನು, ಬೇಸ್‌ಮೆಂಟಿನ ಕಡೆ ತಲೆಯಾಡಿಸಿ. "ಅವನ ತಮ್ಮ ಸೈನ್ಯದಲ್ಲಿದ್ದಾನೆ, ಆ ತಮ್ಮನಿಗೆ ಇವನೂ ಮೆಟ್ಟಿಲ ಮೇಲೆ ನಿಂತು ಫೋನ್ ಮಾಡುತ್ತಾನೆ. ಆದರೆ ನನ್ನ ಮಾತು ಅವನ ಕಿವಿಗೆ ಬಿದ್ದರೆ ಅವನ ಮುಖ ಬಾಡುತ್ತದೆ. ಆಮೇಲೆ ನಾನು ಅವನನ್ನು ಸಮಾಧಾನ ಮಾಡಬೇಕು. ನನ್ನಲ್ಲಿ ಅಷ್ಟು ಶಕ್ತಿ ಉಳಿದಿಲ್ಲ ಆಂಟಿ. ಇಲ್ಲೇ ನ್ಯೂಜೆರ್ಸಿಯಲ್ಲಿ, ನಮ್ಮ ಜನ ತುಂಬಿರುವ ಪ್ಯಾಟರ್ಸನ್‌ನಲ್ಲಿ ನನ್ನ ಚಿಕ್ಕಪ್ಪನ ಮಗನ ಮನೆಯಿದೆ. ಅಲ್ಲಿ ಎಲ್ಲರೂ ಫೋನಿನಲ್ಲಿ ಕೂಗುತ್ತಾರೆ."

ಯಾವ ಸಂಬಂಧವನ್ನೂ ಮುರಿಯಗೊಡದ ಚಿಕ್ಕಮ್ಮ ಒಲೆ ಆರಿಸಿ ಅವನ ಕಡೆ ತಿರುಗಿದರು. "ಹಾಗಾದ್ರೆ ಹೋಗ್ಲೇಬೇಕಪ್ಪ ನೀನು" ಎಂದರು ಕನ್ನಡದಲ್ಲೇ. ಅವನಿಗೆ ಅರ್ಥವಾಯಿತು.

"ಕೆಳಗೆ ಏನಂತ ಹೇಳ್ಲಿ?" ಎಂದೆ ನಾನು, ಟ್ರೇ ಎತ್ತಿಕೊಂಡು.

"ನೀನೇನೂ ಹೇಳ್ಬೇಡ. ಅವನೇ ಹೋಗಿ ಹೇಳ್ತಾನೆ. ನೀನು ಕೊತ್ತಂಬ್ರಿ ಬಿಡಿಸು."

ಅವನು ಇಳಿದು ಹೋದ. ತುಸು ಹೊತ್ತಿಗೆ ಚಿಕ್ಕಪ್ಪ ಮೇಲೆ ಬಂದರು, ಕ್ಲಾಸಿನಿಂದ ಆಚೆ ಹಾಕಿಸಿಕೊಂಡ ಹುಡುಗನ ಮುಖ ಹೊತ್ತು. "ಬ್ರಿಟಿಷರ ವಿಷ್ಯ ಇನ್ನೂ ಅರ್ಧ ಇತ್ತು" ಎಂದರು.

"ಆ ಅರ್ಧ ನಮಗೇ ಹೇಳಿ, ಹೇಗೂ ಕೂತಿದೀವಿ."

ನನ್ನ ಕಿವಿಯೆಲ್ಲ ಮೆಟ್ಟಿಲಿನ ಕಡೆಗಿತ್ತು. ಎದ್ದರೆ ಚಿಕ್ಕಮ್ಮ ಮತ್ತೊಂದು ಕಟ್ಟು ಕೊತ್ತಂಬರಿ ಮುಂದಿಡುತ್ತಿದ್ದರು. ಕೆಳಗೆ ಅವರಿಬ್ಬರು ಏನು ಮಾತಾಡಿಕೊಂಡರೋ ನನಗೆ ಇವತ್ತಿಗೂ ಗೊತ್ತಿಲ್ಲ. ಅತ್ತು ಕೆಂಪಾದ ಕಣ್ಣುಗಳಲ್ಲಿ ಮೇಲೆ ಬಂದರು, ಕೈ ತೊಳೆದರು, ಎಣ್ಣೆಗಾಯಿಯನ್ನು ಎರಡೆರಡು ಸಲ ಬಡಿಸಿಕೊಂಡರು. ಬದನೆಕಾಯಿ ಯಾರ ಊರಿನದು ಚೆನ್ನ ಎಂಬುದರಲ್ಲಿ ಮಾತ್ರ ಒಮ್ಮತ ಮೂಡಲಿಲ್ಲ.

ತಿಂಗಳ ಕೊನೆಗೆ ಗಾಜಾದವನು ಹೊರಟ. ಹೈಫಾದವನೇ ವ್ಯಾನ್ ತಂದಿದ್ದ. ಹಾಸಿಗೆಯನ್ನು ಮೂವರೂ ಹೊತ್ತು ಇಳಿಯುವಾಗ ಮೆಟ್ಟಿಲ ತಿರುವಿನಲ್ಲಿ ಗಾಜಾದವನ ಫೋನ್ ಬಡಿದುಕೊಂಡಿತು. ಅವನು ನಮ್ಮಿಬ್ಬರನ್ನೂ ಒಮ್ಮೆ ನೋಡಿ, ತನ್ನ ಮೂಲೆಯನ್ನು ನನ್ನ ಹೆಗಲಿಗೆ ದಾಟಿಸಿ, ಅಲ್ಲೇ ನಿಂತು ಮಾತಾಡತೊಡಗಿದ. ಅರಬ್ಬಿಯಲ್ಲಿ, ಕಟ್ಟಡವೆಲ್ಲ ಕೇಳುವಷ್ಟು ಜೋರಾಗಿ. ಕೆಳಗಿನ ಮನೆಯ ಮುದುಕಿ ಬಾಗಿಲು ತೆರೆದು ಇಣುಕಿದಳು. ಹೈಫಾದವನು ಹಾಸಿಗೆಯ ಇನ್ನೊಂದು ತುದಿ ಹಿಡಿದು, ನೆಲ ನೋಡುತ್ತ, ಬೆವರುತ್ತ ನಿಂತ. ನಾನು ಎರಡೂ ಮೂಲೆಗಳನ್ನು ಹೆಗಲ ಮೇಲೆ ಸರಿಮಾಡಿಕೊಂಡೆ. ಅಕ್ಕನ ಮಾತು ಮುಗಿಯುವವರೆಗೆ ನಾವು ಹಾಸಿಗೆಯನ್ನು ಕೆಳಗಿಡಲಿಲ್ಲ.